ಎವ್ತಿಮ್ ಮೇಷ್ಟ್ರ ಪುಸ್ತಕದಲ್ಲಿಲ್ಲದ ಊರು

ಒಂಬತ್ತು ಭಾನುವಾರ. ಲೆಕ್ಕದಲ್ಲಿ ತಪ್ಪಿಲ್ಲ, ಆರೋಗ್ಯ ಕೇಂದ್ರದ ಕ್ಯಾಲೆಂಡರಿನಲ್ಲಿ ಒಂದೊಂದಕ್ಕೂ ಕೆಂಪು ಗೀಟು ಎಳೆದಿದ್ದೇನೆ. ಒಂಬತ್ತು ಭಾನುವಾರವೂ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ರೇಡಿಯೊ ಮೈಕಿನ ಗುಂಡಿ ಒತ್ತಿ, ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕರೆಗುರುತು ಹೇಳಿದ್ದೆ. ಒಂಬತ್ತು ಸಲವೂ ಎವ್ತಿಮ್ ಮೇಷ್ಟ್ರು ಹೇಳಿದ್ದು ಒಂದೇ ಮಾತು.

"ಯಾರೋ ಕರೆದ್ರು. ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳುತ್ತಿದ್ದೆ. ಬಿಡಿಸಿ ಬಿಡಿಸಿ, ಮಗುವಿಗೆ ತುತ್ತು ತಿನ್ನಿಸುವ ಹಾಗೆ ಹೇಳುತ್ತಿದ್ದೆ. ಗೊತ್ತಾಗಲಿಲ್ಲ, ಮುಂದಿನವರು ಬನ್ನಿ, ಅಷ್ಟೇ. ಅಲ್ಲಿಗೆ ನನ್ನ ಭಾನುವಾರ ಮುಗಿಯುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ರೇಡಿಯೊದ ಹುಚ್ಚೇನೂ ಇರಲಿಲ್ಲ. ನಮ್ಮ ಊರು ಬೆಲಿ ರಿದ್, ರೊಡೋಪಿ ಬೆಟ್ಟಗಳ ನೆತ್ತಿಯಲ್ಲಿದೆ, ಇರುವುದು ಅರವತ್ತನಾಲ್ಕು ಜನ. ನಾನು ದೋನ್ಕಾ, ಇಲ್ಲಿಯ ಆರೋಗ್ಯ ಕೇಂದ್ರದ ನರ್ಸು. ಡಾಕ್ಟರು ಗುರುವಾರ ಬರುತ್ತಾರೆ, ಅದೂ ರಸ್ತೆ ತೆರೆದಿದ್ದರೆ. ದೊಡ್ಡ ಹಿಮ ಬಿದ್ದರೆ ಕರೆಂಟು ಹೋಗುತ್ತದೆ, ಕರೆಂಟಿನ ಬೆನ್ನಿಗೇ ಫೋನೂ ಹೋಗುತ್ತದೆ. ಆಗ ಊರಿಗೆ ಉಳಿಯುತ್ತಿದ್ದುದು ಗಾಲಿನ್ ಮಾವನ ರೇಡಿಯೊ ಒಂದೇ. ಹೋದ ಫೆಬ್ರವರಿಯಲ್ಲಿ ಮೂರು ದಿನ ಬಿಡದೆ ಸುರಿದಾಗ ಪಕ್ಕದ ಮನೆಯ ಮಗ್ದಾಳಿಗೆ ಹೆರಿಗೆ ನೋವು ಬಂದು, ಮಗು ಅಡ್ಡ ತಿರುಗಿ, ನಾನು ಕೈ ಚೆಲ್ಲಿ ಕೂತಿದ್ದೆ. ಗಾಲಿನ್ ಮಾವ ಕಾರಿನ ಬ್ಯಾಟರಿಗೆ ತಂತಿ ಸಿಕ್ಕಿಸಿಕೊಂಡು ಕರೆದ. ಐದು ತಾಸಿಗೆ ಹಿಮ ಸರಿಸುವ ಯಂತ್ರ ಬಂತು, ಅದರ ಹಿಂದೆ ಆಂಬುಲೆನ್ಸ್ ಬಂತು. ಆ ಮಗು ಈಗ ನಮ್ಮ ಅಂಗಳದಲ್ಲಿ ಅಂಬೆಗಾಲಿಟ್ಟು ಕೋಳಿ ಅಟ್ಟುತ್ತದೆ. ಗಾಲಿನ್ ಮಾವ ಏಪ್ರಿಲ್‌ನಲ್ಲಿ ತೀರಿಕೊಂಡ.

ರೇಡಿಯೊ ಅವನದಲ್ಲ, ಕಣಿವೆಯ ರೇಡಿಯೊ ಸಂಘದ್ದು. ಸಂಘಕ್ಕೆ ಒಂದು ನಿಯಮವಿದೆ. ಊರಿನಲ್ಲಿ ಲೈಸೆನ್ಸ್ ಇರುವವರು ಒಬ್ಬರಿರಬೇಕು. ಅವರು ಭಾನುವಾರದ ಕೂಟದಲ್ಲಿ ಮೂರು ಸಲವಾದರೂ ಮೇಷ್ಟ್ರಿಗೆ ನೇರವಾಗಿ ಕೇಳಿಸಿ ಪುಸ್ತಕದಲ್ಲಿ ದಾಖಲಾಗಬೇಕು, ಅದೂ ಅಕ್ಟೋಬರ್ ಕೊನೆಗೆ ಬರುವ ಸಂತ ದಿಮಿತರನ ಹಬ್ಬದೊಳಗೆ. ಆಗ ಊರು ಚಳಿಗಾಲದ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದರೆ ಹಿಮದ ದಿನಗಳಲ್ಲಿ ಮೂರು ತಾಸಿಗೊಮ್ಮೆ ಮೇಷ್ಟ್ರು ಕೆಳಗೆ ಪೇಟೆಯ ತಮ್ಮ ಮನೆಯಲ್ಲಿ ಕೂತು ನಮ್ಮ ಕರೆಗೆ ಕಾಯುತ್ತಾರೆ, ಕರೆ ಬಂದರೆ ಪುರಸಭೆಗೆ ಸುದ್ದಿ ಮುಟ್ಟಿಸುತ್ತಾರೆ. ಸೇರದಿದ್ದರೆ ಪೆಟ್ಟಿಗೆ, ತಂತಿ, ಬ್ಯಾಟರಿ ಎಲ್ಲ ಬೇರೆ ಊರಿನ ಪಾಲು. ಬೇಕೆನ್ನುವ ಊರುಗಳೇನೂ ಕಡಿಮೆ ಇಲ್ಲ.

ನಮ್ಮೂರಿನಲ್ಲಿ ಹೃದಯದ ಕಾಯಿಲೆಯವರು ಇಬ್ಬರು. ಬಸುರಿ ಹುಡುಗಿ ಸಿಲ್ವಿಯಾಳಿಗೆ ಜನವರಿಗೆ ದಿನ ತುಂಬುತ್ತದೆ. ಲೈಸೆನ್ಸಿನ ಪರೀಕ್ಷೆಗೆ ಯಾರು ಕೂರುತ್ತೀರಿ ಎಂದು ಕೇಳಿದರೆ ಊರಿನ ಗಂಡಸರೆಲ್ಲ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಐವತ್ತೇಳನೇ ವಯಸ್ಸಿನಲ್ಲಿ ನಾನೇ ಹುಡುಗರ ಮಧ್ಯೆ ಕೂತು, ವಿದ್ಯುತ್ತಿನ ಸೂತ್ರಗಳನ್ನು ಉರುಹೊಡೆದು ಪಾಸಾದೆ. ಅಷ್ಟೆಲ್ಲ ಮಾಡಿದ ಮೇಲೆ ಒಬ್ಬ ಮುದುಕ ನನಗೆ ವಾರ ವಾರವೂ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಎಂದರೆ ಪಿತ್ತ ನೆತ್ತಿಗೇರುವುದಿಲ್ಲವೇ?

ಎವ್ತಿಮ್ ಮೇಷ್ಟ್ರು ಸೈನ್ಯದಲ್ಲಿ ರೇಡಿಯೊ ಕಲಿಸುತ್ತಿದ್ದವರು. ಎಪ್ಪತ್ತೆಂಟು ವರ್ಷ. ಇಪ್ಪತ್ತೊಂದು ವರ್ಷದಿಂದ ಕೂಟ ನಡೆಸುವುದು ಅವರೇ. ಕೂಟ ಎಂದರೆ ಮತ್ತೇನಿಲ್ಲ, ಕಣಿವೆಯ ಇಪ್ಪತ್ತಮೂರು ಜನ ತಂತಮ್ಮ ಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂರುತ್ತಾರೆ, ಮೇಷ್ಟ್ರು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಕರೆದವರು ಗುಂಡಿ ಒತ್ತಿ ಹೆಸರು, ಊರು, ಹವೆ ಹೇಳಿ ಗುಂಡಿ ಬಿಡಬೇಕು. ಒಬ್ಬರು ಒತ್ತಿರುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಒತ್ತಿಕೊಂಡವರಿಗೆ ಆ ಹೊತ್ತಿನಲ್ಲಿ ಬೇರೆ ಯಾರ ಮಾತೂ ಕೇಳಿಸುವುದಿಲ್ಲ. ಯಾರ ಮಾತಾದರೂ ಸ್ಪಷ್ಟವಿಲ್ಲದಿದ್ದರೆ ಇನ್ನೊಬ್ಬರು ನಡುವೆ ಬಂದು, ನನಗೆ ಕೇಳಿಸಿತು, ಇಂಥವರು, ಎಂದು ಹೇಳುವ ಪದ್ಧತಿ ಎಲ್ಲ ಕೂಟಗಳಲ್ಲೂ ಇದೆ. ನಮ್ಮ ಕೂಟದಲ್ಲೂ ಇದೆ, ಚಳಿಗಾಲದ ಪಟ್ಟಿಯೊಂದನ್ನು ಬಿಟ್ಟು. ನಾನೇ ಕಿವಿಯಾರೆ ಕೇಳದ್ದನ್ನು ಆ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ಮೇಷ್ಟ್ರು ಪಟ್ಟು ಹಿಡಿದು ಕೂತಿದ್ದರು.

ಮೊದಲ ವಾರ ನನ್ನದೇ ತಪ್ಪೆಂದುಕೊಂಡೆ. ಹೊಸಬಳು, ಗುಂಡಿ ಒತ್ತುವ ಮೊದಲೇ ಮಾತು ಶುರು ಮಾಡಿಬಿಡುತ್ತಿದ್ದೆ. ಅದನ್ನು ತಿದ್ದಿಕೊಂಡೆ. ಆಮೇಲೆ ಉಪದೇಶಗಳು ಬರತೊಡಗಿದವು ನೋಡಿ. ಕೂಟ ಮುಗಿದ ಮೇಲೆ ಒಬ್ಬೊಬ್ಬರೇ ಫೋನು ಮಾಡುವರು. ಮೈಕು ಬಾಯಿಂದ ದೂರ ಹಿಡಿಯಿರಿ ಎಂದ ಒಬ್ಬ. ಹತ್ತಿರ ಹಿಡಿಯಿರಿ ಎಂದ ಇನ್ನೊಬ್ಬ. ಚಾವಣಿಯ ತಂತಿ ಎರಡು ಮೀಟರು ಮೇಲೆ ಹೋಗಲಿ ಎಂದರು. ನನ್ನ ಗಂಡ ಕಾಮೆನ್ ಬೆನ್ನುನೋವು ಇಟ್ಟುಕೊಂಡೇ ಏಣಿ ಹತ್ತಿದ. ಬ್ರೆಡ್ಡಿನ ಅಂಗಡಿಯ ರಾದೋಯ್ ಅಂತೂ, ದೋನ್ಕಕ್ಕ, ಸ್ವಲ್ಪ ದಪ್ಪ ದನಿಯಲ್ಲಿ ಮಾತಾಡಿ ನೋಡಿ ಎಂದ. ದಪ್ಪ ದನಿ ನಾನೆಲ್ಲಿಂದ ತರಲಿ, ಅಂಗಡಿಯಲ್ಲಿ ಸಿಗುತ್ತದೆಯೇ? ಆದರೂ ಎಂಟನೇ ವಾರ ಕರಡಿಯ ಹಾಗೆ ಗುರುಗುಟ್ಟಿದೆ. ಕಾಮೆನ್ ನಕ್ಕು ನಕ್ಕು ಕೆಮ್ಮಿದ. ಮೇಷ್ಟ್ರು ಗೊತ್ತಾಗಲಿಲ್ಲ ಎಂದರು.

ನನ್ನ ಮಾತು ಬೇರೆ ಎಲ್ಲರಿಗೂ ಗಾಜಿನಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅದು ನನ್ನ ಹೊಟ್ಟೆ ಉರಿಸಿದ ಸಂಗತಿ. ಮೇಷ್ಟ್ರಿಗೆ ಹೆಂಗಸು ಕೂಟಕ್ಕೆ ಬರುವುದೇ ಬೇಡವಾಗಿದೆ ಎಂದು ತೀರ್ಮಾನಿಸಿದೆ. ಎರಡು ವರ್ಷದ ಹಿಂದೆ ವಿಯೊಲೆತಾ ಎಂಬ ಶಾಲಾ ಶಿಕ್ಷಕಿಯೊಬ್ಬಳು ಕೂಟಕ್ಕೆ ಬರುತ್ತಿದ್ದಳಂತೆ. ಅವಳೂ ರೋಸಿಹೋಗಿ ಬಿಟ್ಟಳಂತೆ. ಸರಿಹೋಯಿತು, ನನ್ನ ತೀರ್ಮಾನಕ್ಕೆ ಸಾಕ್ಷಿಯೂ ಸಿಕ್ಕಿತು.

ಹತ್ತನೇ ಭಾನುವಾರ ಬಂತು. ಅದನ್ನು ಬಿಟ್ಟರೆ ಹಬ್ಬಕ್ಕೆ ಮೊದಲು ಉಳಿದದ್ದು ಮೂರೇ ಭಾನುವಾರ. ಹಿಂದಿನ ದಿನ ಸಿಲ್ವಿಯಾ ಬಿ.ಪಿ. ನೋಡಿಸಿಕೊಳ್ಳಲು ಬಂದಿದ್ದಳು. ರೇಡಿಯೊ ಇರುತ್ತದಲ್ಲ ಅಕ್ಕಾ, ಹಾಗಾದರೆ ನಾನು ಡಿಸೆಂಬರಿನಲ್ಲೇ ಪೇಟೆಗೆ ಹೋಗಿ ಯಾರ ಮನೆಯಲ್ಲೋ ಕೂರಬೇಕಾಗಿಲ್ಲ, ಎಂದು ಕೇಳಿದ್ದಳು. ಇರುತ್ತದೆ ಎಂದಿದ್ದೆ. ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ, ಇಡೀ ರಾತ್ರಿ ಅದೇ ಚುಚ್ಚುತ್ತಿತ್ತು.

ಒಂಬತ್ತಕ್ಕೆ ಗುಂಡಿ ಒತ್ತಿದೆ, ಹೇಳಿದೆ. ಗೊತ್ತಾಗಲಿಲ್ಲ. ಮತ್ತೆ ಹೇಳಿದೆ. ಮುಂದಿನವರು ಬನ್ನಿ.

ಮೈಕನ್ನು ಮೇಜಿನ ಮೇಲಿದ್ದ ಬುಟ್ಟಿಯೊಳಕ್ಕೆ ಎಸೆದೆ. ಬುಟ್ಟಿಯ ತುಂಬ ಕೆಂಪು ದೊಣ್ಣೆಮೆಣಸಿನಕಾಯಿ, ಚಳಿಗಾಲದ ಚಟ್ನಿಗೆಂದು ಸುಡಲು ಇಟ್ಟಿದ್ದವು. ಕಾಮೆನ್ ಇನ್ನೊಂದು ಬುಟ್ಟಿ ತಂದು ಅದರ ಮೇಲೇ ಸುರಿದ. ರೇಡಿಯೊ ಸುಮ್ಮನಾಯಿತು. ಹಾಳಾಗಿ ಹೋಗಲಿ ಎಂದು ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಲೆ ಹಚ್ಚಿದೆ, ಮೆಣಸಿನಕಾಯಿ ಸುಡುತ್ತ ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದೆ.

ಏನೇನು ಬೈದೆ ಎಂದು ಪೂರ್ತಿ ನೆನಪಿಲ್ಲ, ನೆನಪಿರುವವರು ಇಪ್ಪತ್ತಮೂರು ಜನ ಇದ್ದಾರೆ. ರಾದೋಯ್ ಬಾಯಿ ತುಂಬ ಬನ್ನು ತುರುಕಿಕೊಂಡು ಮಾತಾಡುತ್ತಾನೆ, ಅವನದ್ದು ಅರ್ಥವಾಗುತ್ತದೆ ಎಂದೆ. ಅವನ ಬ್ರೆಡ್ಡನ್ನು ಬಾಗಿಲಿಗೆ ಅಡ್ಡ ಇಡಬಹುದು ಎಂದೂ ಸೇರಿಸಿದೆ. ಮುಂದಿನ ಹಲ್ಲಿಲ್ಲದ ಸ್ಲಾವಿ ತಾತನ ಮಾತು ಅವನ ಹೆಂಡತಿಗೇ ತಿಳಿಯುವುದಿಲ್ಲ, ಅದೂ ಮೇಷ್ಟ್ರಿಗೆ ಅರ್ಥವಾಗುತ್ತದೆ ಎಂದೆ. ನನ್ನದೊಂದು ಬಿಟ್ಟು ಕಣಿವೆಯ ನಾಯಿ ನರಿ ಎಲ್ಲದರ ಮಾತೂ ಆ ಮನುಷ್ಯನಿಗೆ ತಿಳಿಯುತ್ತದೆ ಎಂದೆ. ಕಾಮೆನ್ ಹೌದೆನ್ನುತ್ತ ತಲೆ ಅತ್ತಿತ್ತ ಆಡಿಸುತ್ತಿದ್ದ. ಮದುವೆಯಾಗಿ ಮೂವತ್ತು ವರ್ಷ, ನಾನು ಬೈಯುವಾಗ ಅವನು ಯಾವತ್ತೂ ಅಡ್ಡ ಬಂದವನಲ್ಲ. ಆದರೆ ಅವತ್ತು ದೂರದ ಬಾಗಿಲ ಬಳಿಯಿಂದ, ತನ್ನಷ್ಟಕ್ಕೆ ಗೊಣಗಿದ ಹಾಗೆ, ಒಂದು ಮಾತು ಆಡಿದ.

"ಅವತ್ತು ತಂತಿ ಕಟ್ಟಿ ನಾನು ಒಂದು ಎರಡು ಮೂರು ಅಂದ್ನಲ್ಲ, ಅದು ಅವ್ರಿಗೆ ಕೇಳಿಸ್ತು. ಲೈಸೆನ್ಸ್ ಇಲ್ದೆ ಯಾರದು ಮಾತಾಡೋದು ಅಂತ ಗದರಿಸಿದ್ರು."

ಅದೇ ರೇಡಿಯೊ. ಅದೇ ಮೈಕು, ಅದೇ ತಂತಿ. ದನಿ ಮಾತ್ರ ಗಂಡಸಿನದು.

ನನ್ನ ಕೈಯ ಇಕ್ಕಳ ಹಾಗೇ ನಿಂತಿತು. ಮೂವತ್ತಮೂರು ವರ್ಷದಿಂದ ನಾನು ಮುದುಕರ ಕಿವಿ ನೋಡುತ್ತ ಬಂದವಳು. ಎಷ್ಟು ಜನರನ್ನು ನೋಡಿಲ್ಲ, ಮಗನ ಮಾತು ಕೇಳಿಸುತ್ತದೆ, ಸೊಸೆಯದು ಕೇಳಿಸುವುದಿಲ್ಲ, ಮೊಮ್ಮಕ್ಕಳು ಮಾತಾಡಿದರೆ ಬರೀ ಗುಂಯ್ ಎನ್ನುತ್ತದೆ. ಕಿವಿ ಹೋಗುವಾಗ ಮೊದಲು ಹೋಗುವುದು ಸಣ್ಣ ದನಿಗಳೇ. ಬೇರೆಯವರಾಗಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದೆ. ಎರಡೂವರೆ ತಿಂಗಳು ನನ್ನ ಸಿಟ್ಟನ್ನು ಸಾಕಿಕೊಂಡು ಕೂತಿದ್ದವಳಿಗೆ ಅದು ಹೊಳೆಯಲೇ ಇಲ್ಲ. ನನ್ನ ಮೇಲೇ ನನಗೆ ಅಸಹ್ಯವಾಯಿತು.

"ಕಾಮೆನ್, ಆ ಮನುಷ್ಯಂಗೆ ಕಿವಿ ಕೇಳ್ಸಲ್ಲ ಕಣೋ" ಎಂದೆ. "ಹೆಂಗಸರ ದನಿ ಕೇಳ್ಸಲ್ಲ. ನಾಳೆ ಜನವರೀಲಿ ಸಿಲ್ವಿಯಾ ನೋವು ತಿಂತಾ ಮಲಗಿದ್ರೆ, ನಾನು ಇಲ್ಲಿ ಗಂಟಲು ಹರಿದ್ಕೊಂಡು ಕರೀತಿದ್ರೆ, ಅವ್ರು ಅಲ್ಲಿ ಕೂತು ಗೊತ್ತಾಗ್ಲಿಲ್ಲ, ಮುಂದಿನವ್ರು ಬನ್ನಿ ಅಂತಾರೆ. ಈ ಇಪ್ಪತ್ತಮೂರು ಗಂಡಸ್ರಿಗೂ ಗೊತ್ತು. ಗೊತ್ತಿದ್ದೇ ದಪ್ಪ ದನಿ ಮಾಡಿ ಅಂದ್ರಲ್ಲ ನಂಗೆ. ನಾಚಿಕೆಗೆಟ್ಟೋರು."

ಇಷ್ಟು ಹೇಳಿ ಕುರ್ಚಿಯ ಮೇಲೆ ಕುಸಿದೆ. ಕಾಮೆನ್ ನನ್ನ ಕಡೆ ನೋಡುತ್ತಿರಲಿಲ್ಲ, ರೇಡಿಯೊ ಕಡೆ ನೋಡುತ್ತಿದ್ದ. ಆ ಕೆಂಪು ದೀಪ ಯಾಕೆ ಉರಿಯುತ್ತಿದೆ ಎಂದು ಮೆಲ್ಲಗೆ ಕೇಳಿದ.

ಕೆಂಪು ದೀಪ ಉರಿಯುವುದು ಗುಂಡಿ ಒತ್ತಿದಾಗ ಮಾತ್ರ. ಎರಡು ಬುಟ್ಟಿ ಮೆಣಸಿನಕಾಯಿಯ ಭಾರ ಇಪ್ಪತ್ತು ನಿಮಿಷದಿಂದ ಗುಂಡಿಯ ಮೇಲೆ ಕೂತಿತ್ತು. ಅಷ್ಟು ಹೊತ್ತೂ ಕಣಿವೆಯ ಕೂಟವನ್ನು ನಾನೊಬ್ಬಳೇ ನಡೆಸಿದ್ದೆ. ನಿಲ್ಲಿಸಮ್ಮಾ ಎಂದು ಯಾರು ಕೂಗಿಕೊಂಡಿದ್ದರೂ ನನಗೆ ಕೇಳಿಸುವಂತಿರಲಿಲ್ಲ. ಬುಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ ಮೈಕನ್ನು ಎಳೆದು ತೆಗೆದೆ. ದೀಪ ಆರಿತು. ರೇಡಿಯೊದಲ್ಲಿ ಒಂದು ಉಸಿರಿನ ಸದ್ದೂ ಇಲ್ಲ, ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಎನ್ನಿಸಿತು.

ಆಮೇಲೆ ಮೇಷ್ಟ್ರ ದನಿ ಬಂತು, ಎಂದಿನ ಹಾಗೇ, ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದು ಸುಕ್ಕಿಲ್ಲದೆ.

"ಯಾರದ್ದೋ ಗುಂಡಿ ಒತ್ತಿ ಹಿಡ್ಕೊಂಡಿತ್ತು. ಇಪ್ಪತ್ತೊಂದು ನಿಮಿಷ. ಒಂದಕ್ಷರಾನೂ ಗೊತ್ತಾಗ್ಲಿಲ್ಲ. ಯಾರು ಅಂತ ನಿಮಗ್ಯಾರಿಗಾದ್ರೂ ತಿಳೀತಾ?"

ಇಪ್ಪತ್ತಮೂರು ಜನರಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ಮೇಷ್ಟ್ರು ಕಿವುಡರು ಎಂದು ಇಡೀ ಕಣಿವೆಗೆ ಸಾರಿದ್ದೆ. ಕಣಿವೆಯಲ್ಲಿ ಅದನ್ನು ಕೇಳಿಸಿಕೊಳ್ಳದವರು ಅವರೊಬ್ಬರೇ.

ಕೂಟ ಮುಗಿದ ಎರಡು ನಿಮಿಷಕ್ಕೆ ರಾದೋಯ್‌ನ ಫೋನು ಬಂತು. ಎಲ್ಲ ಕೇಳಿಸಿತು ದೋನ್ಕಕ್ಕ, ಬ್ರೆಡ್ಡಿನ ವಿಷಯವೂ ಕೇಳಿಸಿತು, ಎಂದ. ನಾನು ಕ್ಷಮೆ ಕೇಳಲು ಹೊರಟರೆ ಅವನೇ ತಡೆದ. ವಿಯೊಲೆತಾ ಬಿಟ್ಟು ಹೋದಾಗಲೇ ಅವರಿಗೆಲ್ಲ ತಿಳಿದಿತ್ತಂತೆ. ಹೇಳಲು ಯಾರಿಗೂ ಬಾಯಿ ಬರಲಿಲ್ಲವಂತೆ. ತಮಗೆಲ್ಲ ಕಲಿಸಿದ ಗುರು, ವಾರವೆಲ್ಲ ಆ ಒಂದು ಗಂಟೆಗಾಗಿ ಕಾಯುವ ಮನುಷ್ಯ, ಅದನ್ನೂ ಕಿತ್ತುಕೊಂಡರೆ ಮೇಷ್ಟ್ರು ಉಳಿಯುವುದಿಲ್ಲ ಎಂದ. ಅವರೆಲ್ಲ ದನಿ ತಗ್ಗಿಸಿ ನಿಧಾನವಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರಂತೆ. ಅಷ್ಟು ಹೇಳಿ ದನಿ ಇನ್ನೂ ತಗ್ಗಿಸಿದ.

"ನಿಮ್ಮ ಕೆಲ್ಸ ಆಗತ್ತೆ ಬಿಡಿ ಅಕ್ಕಾ. ಪಟ್ಟಿ ನಕಲು ಮಾಡಿ ಪುರಸಭೆಗೆ, ಸಂಘಕ್ಕೆ ಕಳ್ಸೋನು ನಾನೇ ತಾನೆ. ಬೆಲಿ ರಿದ್ ಅಂತ ಒಂದು ಸಾಲು ನಾನೇ ಸೇರಿಸ್ತೀನಿ. ರೇಡಿಯೊ ನಿಮ್ಮಲ್ಲೇ ಇರತ್ತೆ. ಮುದುಕ್ರ ಮನಸ್ಸು ನೋಯಿಸೋದು ಯಾಕೆ?"

ಸುಳ್ಳು ಯಾಕೆ ಹೇಳಲಿ, ಒಂದು ನಿಮಿಷ ಖುಷಿಯಾಯಿತು. ಹತ್ತು ವಾರದಿಂದ ತಲೆ ಚಚ್ಚಿಕೊಂಡದ್ದು ಒಂದು ಗೀಟಿನಲ್ಲಿ ಮುಗಿಯುತ್ತದೆ. ಪೆಟ್ಟಿಗೆ ನಮ್ಮ ಮೇಜಿನ ಮೇಲೇ ಇರುತ್ತದೆ. ಊರಿನವರು ನನಗೆ ಕೈ ಮುಗಿಯುತ್ತಾರೆ. ಸಿಲ್ವಿಯಾ ಧೈರ್ಯವಾಗಿ ಮನೆಯಲ್ಲೇ ಇರುತ್ತಾಳೆ. ಅಲ್ಲಿಗೆ ಬಂದು ಮನಸ್ಸು ನಿಂತಿತು.

"ಜನವರೀಲಿ ನಾನು ಕರೆದ್ರೆ ಯಾರು ಕೇಳಿಸ್ಕೋತಾರೆ ರಾದೋಯ್?"

ಯಾರಾದರೂ ಇದ್ದೇ ಇರುತ್ತೇವಲ್ಲ ಎಂದ. ಯಾರು ಎಂದು ಕೇಳಿದೆ. ನೀನು ಒಲೆಯ ಮುಂದಿರುತ್ತೀಯ. ಸ್ಲಾವಿ ತಾತ ಏಳಕ್ಕೇ ಮಲಗುತ್ತಾನೆ. ಉಳಿದವರು ಕಾಡಿನ ಕೆಲಸಕ್ಕೋ, ಬಸ್ಸಿನ ಡ್ಯೂಟಿಗೋ ಹೋಗಿರುತ್ತಾರೆ. ಮೂರು ತಾಸಿಗೊಮ್ಮೆ ತಪ್ಪದೆ ಕೂರುವ ಮನುಷ್ಯ ಕಣಿವೆಯಲ್ಲಿ ಒಬ್ಬರೇ.

"ನಿಮ್ಮ ದಾಕ್ಷಿಣ್ಯಕ್ಕೆ ನಮ್ಮೂರ ಹುಡುಗಿ ಸಾಯ್ಬೇಕಾ?" ಎಂದು ಕೇಳಿ ಫೋನು ಇಟ್ಟೆ.

ಸೋಮವಾರ ಬೆಳಗಿನ ಬಸ್ಸಿಗೆ ಪೇಟೆಗೆ ಇಳಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಮಗುಚಿ ಹಾಕುತ್ತಿದ್ದೆ. ಸಿಟ್ಟು ಇನ್ನೂ ಇತ್ತು. ಈಗ ಯಾರ ಮೇಲೆ ಎಂಬುದೇ ತಿಳಿಯದೆ ಅದು ಇನ್ನಷ್ಟು ಕಾಡುತ್ತಿತ್ತು.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ರಾಯ್ನಾ, ಸಣ್ಣ ದೇಹದ, ಸಣ್ಣ ದನಿಯ ಹೆಂಗಸು. ಹೆಸರು ಹೇಳಿದ್ದೇ ನನ್ನ ತೋಳು ಹಿಡಿದು ಹೊರಗಿನ ಜಗಲಿಗೇ ಎಳೆದುಕೊಂಡು ಬಂದರು.

"ನಿನ್ನೆ ಅವ್ರ ಪಕ್ಕದಲ್ಲೇ ನಿಂತಿದ್ದೆ ಕಣಮ್ಮ. ನೀನು ಅಂದಿದ್ದೆಲ್ಲ ಕೇಳಿದೆ. ಅವ್ರು ಪೆನ್ಸಿಲ್ ಹಿಡ್ಕೊಂಡು ಸುಮ್ನೆ ಕೂತಿದ್ರು."

ತಪ್ಪಾಯಿತು, ಬೇಕೆಂದು ಮಾಡಿದ್ದಲ್ಲ, ಎಂದು ತೊದಲಿದೆ. ಅವರು ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

"ಮೂರು ವರ್ಷ ಆಯ್ತು. ಒಲೆ ಹತ್ರ ನಿಂತು ಏನಾದ್ರೂ ಕೇಳಿದ್ರೆ ಉತ್ತರ ಇಲ್ಲ. ನನ್ನ ಮಾತೇ ಬೇಡ ಆಗಿದೆ ಇವ್ರಿಗೆ ಅಂದ್ಕೊಂಡೆ. ನಾನೂ ಮಾತು ಬಿಟ್ಟೆ. ಮೂರು ವರ್ಷ ಒಂದೇ ಮನೇಲಿ ಮೂಗರ ಹಾಗೆ ಇದೀವಿ. ಇದು ಕಿವಿ ತೊಂದ್ರೆ ಅಂತ ನಂಗೆ ಹೊಳೀಲೇ ಇಲ್ಲ."

ನನಗೂ ಹೊಳೆಯಲಿಲ್ಲ ಎಂದೆ. ಇಬ್ಬರೂ ಒಳಗೆ ಹೋದೆವು.

ಮೇಷ್ಟ್ರು ರೇಡಿಯೊ ಮೇಜಿನ ಮುಂದೆ ಕೂತಿದ್ದರು. ಸೋಮವಾರವಾದರೂ ಕೋಟು ಹಾಕಿದ್ದರು. ಎದುರಿಗೆ ಆ ಪುಸ್ತಕ, ಪಕ್ಕದಲ್ಲಿ ಚೂಪು ಮಾಡಿದ ನಾಲ್ಕು ಪೆನ್ಸಿಲ್ಲು. ನಾನು ಅವರ ಮುಖಕ್ಕೆ ಮುಖ ಕೊಟ್ಟು ಕೂತು, ಆರೋಗ್ಯ ಕೇಂದ್ರದಲ್ಲಿ ಮುದುಕರ ಜೊತೆ ಮಾತಾಡುವ ಹಾಗೆ ತುಟಿ ಕಾಣುವಂತೆ, ತಗ್ಗಿದ ದನಿಯಲ್ಲಿ ಮಾತಾಡಿದೆ. ನಾನು ದೋನ್ಕಾ, ಬೆಲಿ ರಿದ್ದಿನವಳು, ನಿನ್ನೆ ಗುಂಡಿ ಒತ್ತಿ ಹಿಡಿದವಳು ನಾನೇ ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತ ಕೇಳಿದರು. ಕಿವಿ ಪರೀಕ್ಷೆಗೆಂದು ತಂದಿದ್ದ ತಟ್ಟಿದರೆ ದನಿ ಹೊರಡುವ ಚಿಮ್ಮಟಿಗೆಯಂಥ ಕಬ್ಬಿಣವನ್ನು ಚೀಲದಿಂದ ತೆಗೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಅದೆಲ್ಲ ಬೇಡಮ್ಮ. ನಂಗೊತ್ತು."

ರೇಡಿಯೊದ ಮೇಲಿನ ಚಿಕ್ಕ ಮುಳ್ಳನ್ನು ತೋರಿಸಿದರು, ಯಾರು ಎಷ್ಟು ಬಲವಾಗಿ ಬರುತ್ತಿದ್ದಾರೆ ಎಂದು ಅದು ಹೇಳುತ್ತದೆ. ನಾನು ಕರೆದಾಗೆಲ್ಲ ಅದು ತುದಿಗೆ ಹೋಗಿ ನಿಲ್ಲುತ್ತಿತ್ತಂತೆ. ಇಡೀ ಕಣಿವೆಯಲ್ಲಿ ಅಷ್ಟು ಬಲ ಇನ್ನಾರಿಗೂ ಇಲ್ಲವಂತೆ. ಮುಳ್ಳು ನಿಂತಿರುತ್ತಿತ್ತು, ಮಾತು ಇರುತ್ತಿರಲಿಲ್ಲ, ಬರೀ ಗುಂಯ್ ಎನ್ನುತ್ತಿತ್ತು ಎಂದರು. ಇಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಸಿಟ್ಟು ಅಲ್ಲಿಗೆ ನನ್ನ ಕೈ ಮೀರಿತು. ಅಷ್ಟು ಗೊತ್ತಿದ್ದೂ ಹತ್ತು ವಾರ ನನ್ನನ್ನು ಗೋಳು ಹೊಯ್ದುಕೊಂಡಿರಲ್ಲ, ಬರೆದುಕೊಂಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ.

"ಬರ್ಕೊಂಡಿದ್ರೆ ನೀವು ನಂಬ್ತಿದ್ರಿ" ಎಂದರು ಮೇಷ್ಟ್ರು. "ಹಿಮ ಬಿದ್ದಾಗ ನಾನಿದೀನಿ ಅಂತ ನಂಬಿ ಕರೀತಿದ್ರಿ. ಅದಾಗ್ಬಾರ್ದು ಅಂತಾನೇ ಬರೀಲಿಲ್ಲ."

ಹಾಗಾದರೆ ಮೈಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಿತ್ತು ಎಂದೆ. ಬಿಡಬೇಕಿತ್ತು ಎಂದು ಒಪ್ಪಿಕೊಂಡರು. ಪ್ರತಿ ಶನಿವಾರ ನಿರ್ಧಾರ ಮಾಡುತ್ತಿದ್ದರಂತೆ, ಭಾನುವಾರ ಒಂಬತ್ತಾದ ಕೂಡಲೇ ಕೈ ತಾನಾಗಿ ಗುಂಡಿಗೆ ಹೋಗುತ್ತಿತ್ತಂತೆ. ಹೇಳಿ ತಲೆ ತಗ್ಗಿಸಿದರು. ಅಷ್ಟು ನೆಟ್ಟಗೆ ಕೂತ ಮನುಷ್ಯ ತಲೆ ತಗ್ಗಿಸಿದ್ದನ್ನು ನೋಡಲು ನನ್ನಿಂದಾಗಲಿಲ್ಲ. ಆದರೆ ಅಯ್ಯೋ ಪಾಪ ಎಂದು ಬಿಟ್ಟುಬರಲು ನಾನು ರಾದೋಯ್ ಅಲ್ಲ. ಮೂರು ತಾಸಿಗೊಮ್ಮೆ ಕೂರುವ ಮನುಷ್ಯ ನಮಗೆ ಬೇಕೇ ಬೇಕು, ಅದು ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕೇಳುವ ಕಿವಿಯೂ ಬೇಕು, ಅದು ನಿಮ್ಮ ಹತ್ತಿರ ಇಲ್ಲ. ಮಾತಾಡುವುದಕ್ಕೆ ಲೈಸೆನ್ಸ್ ಬೇಕು, ಕೇಳುವುದಕ್ಕೆ ಯಾವ ಲೈಸೆನ್ಸೂ ಬೇಡ, ಈ ಕೋಣೆಯಲ್ಲಿ ಇನ್ನೊಬ್ಬರಿಗೆ ಕೇಳಿಸಿದರೆ ನೀವು ಬರೆದದ್ದು ಸುಳ್ಳಾಗುವುದಿಲ್ಲ, ಎಂದೆ. ಎಂದು ಅವರ ಬೆನ್ನ ಹಿಂದೆ, ಒಲೆಯ ಹತ್ತಿರ ನಿಂತಿದ್ದ ರಾಯ್ನಾರ ಕಡೆ ನೋಡಿದೆ.

ರಾಯ್ನಾ ಅಲ್ಲಿಂದಲೇ ಹೇಳಿದರು, "ನಾನು ಯಾಕೆ ಕೇಳ್ಲಿ? ನಂಗೊಂದು ಮಾತು ಹೇಳಿದ್ರಾ ಇವ್ರು, ಮೂರು ವರ್ಷದಲ್ಲಿ?"

ಮೇಷ್ಟ್ರು ತಿರುಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು, ನಾನು ಏನಾದರೂ ಹೇಳುತ್ತೇನೆಂದು. ರಾಯ್ನಾ ಅದನ್ನು ನೋಡಿದರು. ಬಾಯಿಗೆ ಒಲೆಬಟ್ಟೆ ಒತ್ತಿಕೊಂಡರು. ಆಮೇಲೆ ಮೇಜು ಸುತ್ತಿ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಗಂಡನ ಎದುರು ಕೂತರು.

"ಯಾಕೆ ಹೇಳ್ಲಿಲ್ಲ?"

ಮೇಷ್ಟ್ರು ಪೆನ್ಸಿಲ್ಲನ್ನು ಅತ್ತಿಂದಿತ್ತ ಸರಿಸಿದರು. ಹೇಳಿದರೆ ಅದು ನಿಜವಾಗಿಬಿಡುತ್ತಿತ್ತು ಎಂಬಂಥದ್ದೇನೋ ಗೊಣಗಿದರು, ನನಗೂ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಹೆಂಡತಿಯ ಮುಖ ನೋಡಿ ಸ್ಪಷ್ಟವಾಗಿ, "ರಾಯ್ನಾ, ನಂಗೆ ನಿನ್ನ ಮಾತು ಕೇಳ್ಸಲ್ಲ" ಎಂದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು, ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ. ಅವರಿಬ್ಬರೂ ಏಳಲಿಲ್ಲ.

ಆ ವಾರವೆಲ್ಲ ಒಬ್ಬರಿಂದಲೂ ಸುದ್ದಿಯಿಲ್ಲ. ರಾಯ್ನಾ ಒಪ್ಪಿದರೋ ಇಲ್ಲವೋ ತಿಳಿಯದು. ಫೋನು ಮಾಡಿ ಕೇಳಲು ನನಗೆ ಮುಖವಿಲ್ಲ. ಸಿಲ್ವಿಯಾ ಎದುರಿಗೆ ಸಿಕ್ಕರೆ ಬೇರೆ ಓಣಿ ಹಿಡಿಯುತ್ತಿದ್ದೆ. ಉಳಿದದ್ದು ಮೂರು ಭಾನುವಾರ, ಬೇಕಾದದ್ದೂ ಮೂರು. ಒಂದು ತಪ್ಪಿದರೂ ಎಲ್ಲ ತಪ್ಪಿತು.

ಭಾನುವಾರ ಒಂಬತ್ತಕ್ಕೆ ಕೂಟ ಶುರುವಾಯಿತು. ಮೇಷ್ಟ್ರದೇ ದನಿ. ರಾದೋಯ್ ಹೇಳಿದ, ಸ್ಲಾವಿ ತಾತ ಹೇಳಿದ. ಹೊಸಬರು ಯಾರಾದರೂ ಇದ್ದರೆ ಬನ್ನಿ ಎಂದರು ಮೇಷ್ಟ್ರು. ಗುಂಡಿ ಒತ್ತಿದೆ. ನನ್ನದೇ ದನಿಯಲ್ಲಿ ಕರೆಗುರುತು ಹೇಳಿದೆ, ಹೆಸರು ಹೇಳಿದೆ, ಊರು ಹೇಳಿದೆ. ಗುಂಡಿ ಬಿಟ್ಟೆ.

ಏನೂ ಇಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ಗೋಡೆಯ ಗಡಿಯಾರ ನನ್ನ ತಲೆಗೇ ಬಡಿಯುತ್ತಿತ್ತು. ಇನ್ನು ಗೊತ್ತಾಗಲಿಲ್ಲ ಎನ್ನುತ್ತಾರೆ, ಈ ಪೆಟ್ಟಿಗೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತೇನೆ ಎಂದು ಕಾಮೆನ್‌ಗೆ ಹೇಳಿದೆ. ಕೂಟದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ಯಾರಾದರೊಬ್ಬರು ಬಾಯಿ ಹಾಕದೆ ಇರುವುದಿಲ್ಲ. ಆ ದಿನ ಒಬ್ಬರೂ ಹಾಕಲಿಲ್ಲ.

ಮೇಷ್ಟ್ರು ಬಂದರು. ನನ್ನ ಕರೆಗುರುತನ್ನು ಒಂದಕ್ಷರ ತಪ್ಪದೆ ಹೇಳಿದರು. "ಬೆಲಿ ರಿದ್" ಎಂದರು, ಎಂದು ತಡೆದರು. ಅವರ ಹಿಂದೆ, ಮೈಕಿನಿಂದ ದೂರದಲ್ಲಿ, ರಾಯ್ನಾರ ದನಿ ಸಣ್ಣಗೆ, ಸಿಡುಕಿನಿಂದ, ಬಿಡಿಸಿ ಬಿಡಿಸಿ ಹೇಳುತ್ತಿತ್ತು. "ದೋನ್ಕಾ ಅಂತ. ನನ್ನ ಮುಖ ನೋಡ್ರೀ, ಪುಸ್ತಕ ಆಮೇಲೆ ನೋಡಿ. ದೋನ್ಕಾ."

"ದೋನ್ಕಾ" ಎಂದರು ಮೇಷ್ಟ್ರು. "ಬರ್ಕೊಂಡಾಯ್ತು. ಅಲ್ಲಿ ಹವೆ ಹೇಗಿದೆ, ಹೇಳಿ."

ಹೇಳಲು ಗುಂಡಿ ಒತ್ತಿದೆ. ಒತ್ತಿಕೊಂಡು ಅಳುತ್ತ ಕೂತೆ.